ಸಂಜೆಯ ತಟ್ಟೆಯಲ್ಲಿ ಕಪ್ಪೆಚಿಪ್ಪು

ಮೊಟ್ಟೆಯ ಸಿಪ್ಪೆ ತೆಳುವಾದರೆ ನಮ್ಮೂರಲ್ಲಿ ಮೊದಲು ಕೋಳಿಯನ್ನೇ ಬೈಯುತ್ತಾರೆ. ನಾನು ಮೇವಿನ ತಟ್ಟೆ ನೋಡುತ್ತೇನೆ.

ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ, ಅದೂ ಬಹುಪಾಲು ರಾತ್ರಿ ಹೊತ್ತು. ಆಗ ಸುಣ್ಣದಂಶ ಸಾಲದಿದ್ದರೆ ಪಾಪ, ಅದು ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ. ಅದಕ್ಕೇ ನಮ್ಮ ಸ್ವರ್ಣಧಾರಾ ಕೋಳಿಗಳಿಗೆ (ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ) ಸಂಜೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡುತ್ತೇನೆ. ನುಣ್ಣನೆ ಪುಡಿ ಬೇಡ, ಜೋಳದ ಕಾಳಿನಷ್ಟು ದಪ್ಪ ಇರಲಿ. ನಿಧಾನವಾಗಿ ಕರಗಿ ರಾತ್ರಿಯಿಡೀ ಒದಗುತ್ತದೆ. ಬೇಕಾದ ಕೋಳಿ ತಾನೇ ಬಂದು ಹೆಕ್ಕುತ್ತದೆ.

ನೀರಿನ ವಿಷಯದಲ್ಲಿ ನನ್ನದು ಹಠ. ಕೋಳಿ ತಿಂದ ಮೇವಿನ ತೂಕದ ಎರಡರಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು, ರೆಕ್ಕೆ ಅಗಲಿಸಿ ನಿಂತ ಕೋಳಿಗೆ ಮಧ್ಯಾಹ್ನ ಮೇವು ಸೇರುವುದಿಲ್ಲ. ಬೆಳಗಿನ ತಂಪಿನಲ್ಲಿ, ಸಂಜೆ ಇಳಿಹೊತ್ತಿನಲ್ಲಿ ಹಾಕಿ. ನೀರು ನೆರಳಲ್ಲಿರಲಿ, ಆಗಾಗ ಬದಲಾಗಲಿ.

ಚಳಿಗಾಲದಲ್ಲಿ ಹಗಲು ಕುಗ್ಗಿದಂತೆ ಮೊಟ್ಟೆಯೂ ಕುಗ್ಗುತ್ತದೆ. ಬೆಳಗಿನ ಜಾವ ಬಲ್ಬು ಹಾಕಿ ಬೆಳಕನ್ನು ದಿನಕ್ಕೆ 16 ಗಂಟೆಯವರೆಗೆ ಹಿಗ್ಗಿಸಬಹುದು. ಆದರೆ ಇನ್ನೂ ಮೊಟ್ಟೆಯಿಡದ ಎಳೆ ಹ್ಯಾಟೆಗಳಿಗೆ ಆ ಬೆಳಕು ಬೇಡ. ಮೈ ಬಲಿಯುವ ಮೊದಲೇ ಇಡತೊಡಗಿದರೆ ಬರೀ ಸಣ್ಣ ಮೊಟ್ಟೆ.