ಗುಳಿಗಿ ತಗೋಬೇಕೋ, ಬ್ಯಾಡೋ?

ನಮ್ಮ ಮನೆಯಲ್ಲಿ ಹಾಲು ಉಕ್ಕದ ದಿನ ಕಡಿಮೆ. ಒಲೆಯ ಮೇಲೆ ಹಾಲಿಟ್ಟು ಅಲ್ಲೇ ನಿಂತಿರುತ್ತೇನೆ. ಅಷ್ಟರಲ್ಲಿ ಹಿತ್ತಲಲ್ಲಿ ಒಣಹಾಕಿದ ಬಟ್ಟೆ ನೆನಪಾಗುತ್ತದೆ. ಬಟ್ಟೆ ತರಲು ಹೋದವಳಿಗೆ ದಾರಿಯಲ್ಲಿ ಮಗನ ಕಂಪಾಸು ಪೆಟ್ಟಿಗೆ ಕಾಣುತ್ತದೆ. ಅದನ್ನು ಜೋಡಿಸುತ್ತ ಕೂತಾಗ ಒಳಗಿನಿಂದ ಅತ್ತೆಯ ಕೂಗು: "ಯವ್ವಾ, ಹಾಲು!"

ನನಗೀಗ ನಲವತ್ತೊಂದು ವರ್ಷ. ಮನೆ ಬೆಟಗೇರಿಯಲ್ಲಿ, ಕೆಲಸ ಗದಗಿನ ಒಂದು ಮುದ್ರಣಾಲಯದಲ್ಲಿ. ಲಗ್ನಪತ್ರಿಕೆ, ಕ್ಯಾಲೆಂಡರ್, ಶಾಲೆಯ ಪ್ರಶ್ನೆಪತ್ರಿಕೆಗಳ ಕರಡು ತಿದ್ದುವುದು ನನ್ನ ಪಾಲಿನ ಕೆಲಸ. ಮನಸ್ಸು ಒಂದೆಡೆ ನಿಲ್ಲದವಳಿಗೆ ಇಂಥ ಕೆಲಸ ಹೇಗೆ ಸಿಕ್ಕಿತು ಎಂದು ನೀವು ನಗಬಹುದು. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಒಂದು ದಿನ ಮಾತ್ರ ನಗು ಬರಲಿಲ್ಲ. ಹದಿನೇಳನೆಯ ತಾರೀಖಿನ ಮದುವೆಗೆ ಇಪ್ಪತ್ತೇಳು ಎಂದು ಅಚ್ಚಾಗಿತ್ತು. ಕರಡು ನೋಡಿ ಸಹಿ ಮಾಡಿದವಳು ನಾನೇ. ಅರ್ಧದಷ್ಟು ಪತ್ರಿಕೆ ಹಂಚಿಯಾದ ಮೇಲೆ ಮದುಮಗಳ ಅಜ್ಜ ಪ್ರೆಸ್ಸಿಗೆ ಬಂದರು. ಸಿಟ್ಟು ಮಾಡಲಿಲ್ಲ. ಪತ್ರಿಕೆಯನ್ನು ನನ್ನ ಮುಂದಿಟ್ಟು, "ತಂಗೀ, ಈ ತಾರೀಖಿಗೆ ಬಂದವರು ಖಾಲಿ ಮಂಟಪ ನೋಡಿ ಹೋಗತಾರ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಮಾಲೀಕರು ರಾತ್ರಿಯೆಲ್ಲ ಯಂತ್ರ ಓಡಿಸಿ ಹೊಸದಾಗಿ ಅಚ್ಚು ಹಾಕಿಸಿದರು.

ಅದೇ ತಿಂಗಳು ನಾಲ್ಕನೆಯ ಇಯತ್ತೆಯಲ್ಲಿದ್ದ ಮಗನನ್ನು ಧಾರವಾಡದ ಮನೋವೈದ್ಯರಿಗೆ ತೋರಿಸಿದೆವು. ಅವನು ಕೂತಲ್ಲಿ ಕೂರುವುದಿಲ್ಲ, ಉತ್ತರ ಗೊತ್ತಿದ್ದರೂ ಬರೆಯುವುದಿಲ್ಲ ಎಂದು ಟೀಚರು ಬರೆದು ಕಳಿಸಿದ್ದರು. ಅವನಿಗಿರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದರು ವೈದ್ಯೆ. ಅವರು ಮಗನ ಬಗ್ಗೆ ಕೇಳುತ್ತಿದ್ದ ಒಂದೊಂದು ಪ್ರಶ್ನೆಗೂ ನನ್ನೊಳಗೇ "ನಾನೂ ಹಾಗೇ" ಎಂಬ ಉತ್ತರ ಏಳುತ್ತಿತ್ತು. ಏಳುವ ಮೊದಲು ಕೇಳಿಯೇಬಿಟ್ಟೆ: "ಡಾಕ್ಟರ್, ಇದು ದೊಡ್ಡವರಿಗೂ ಇರತೈತೇನ್ರಿ?"

"ಇರತೈತ್ರಿ. ಒಂದೇ ಮನ್ಯಾಗ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರೋದೂ ಉಂಟು" ಎಂದು ಅವರು ವಿವರಿಸಿದರು. ಬಹಳ ಕಾಲ ಇದನ್ನು ಗಂಡುಮಕ್ಕಳ ತೊಂದರೆ ಎಂದೇ ತಿಳಿಯಲಾಗಿತ್ತು. ಬೆಂಚು ಹಾರುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆ ದೊಡ್ಡವಳಾಗಿ ಮನೆ, ಮಕ್ಕಳು, ನೌಕರಿ ಎಲ್ಲ ಒಟ್ಟಿಗೆ ತಲೆಯ ಮೇಲೆ ಬಂದಾಗ ಎಡವುತ್ತಾಳೆ. ಆಗ ಜನ ಆಕೆಗೆ ಕೊಡುವ ಹೆಸರು "ಬೇಜವಾಬ್ದಾರಿ".

ಆದರೆ ಹಾಲು ಉಕ್ಕಿಸಿದವರಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ. ಥೈರಾಯ್ಡ್, ನಿದ್ದೆಗೆಡುವುದು, ಚಿಂತೆ, ಖಿನ್ನತೆ, ಇವುಗಳಿಂದಲೂ ಮರೆವು ಬರಬಹುದು. ಅದಕ್ಕೆ ಮೊದಲು ರಕ್ತ ಪರೀಕ್ಷೆ ಆಯಿತು. ಆಮೇಲೆ ವೈದ್ಯೆ ಕೇಳಿದ್ದು ವಿಚಿತ್ರವಾಗಿತ್ತು: "ನಿಮ್ಮನ್ನ ಸಣ್ಣಾಕಿ ಇದ್ದಾಗ ನೋಡಿದವರು ಯಾರರ ಅದಾರೇನ್ರಿ?" ಈ ತೊಂದರೆ ನಡುವಯಸ್ಸಿನಲ್ಲಿ ಹೊಸದಾಗಿ ಹುಟ್ಟುವುದಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ, ಜಗತ್ತಿನ ಅನೇಕ ವೈದ್ಯರು ಬಳಸುವ ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಅದಕ್ಕೆ ಸಾಕ್ಷಿ ಬೇಕಿತ್ತು.

ಸಾಕ್ಷಿ ಮುಂಡರಗಿಯಲ್ಲಿತ್ತು. ನಮ್ಮ ಅವ್ವ ಹಳೆಯ ಟ್ರಂಕಿನಿಂದ ನನ್ನ ಗುಣಪತ್ರಿಕೆಗಳನ್ನು ತೆಗೆದು, ಸೆರಗಿನಲ್ಲಿ ಧೂಳು ಒರೆಸಿಕೊಂಡು ಧಾರವಾಡಕ್ಕೆ ಬಂದಳು. ಮೂರು ವರ್ಷದ ಪತ್ರಿಕೆಗಳಲ್ಲೂ ಗುರುಗಳ ಷರಾ ಒಂದೇ: "ಜಾಣೆ, ಆದರೆ ಲಕ್ಷ್ಯವಿಲ್ಲ." ವೈದ್ಯೆ ಕೇಳುತ್ತ ಹೋದರು, ಅವ್ವ ಹೇಳುತ್ತ ಹೋದಳು. ಎಣ್ಣೆ ತರಲು ಕಳಿಸಿದರೆ ಬಾಟಲಿಯನ್ನೇ ಅಂಗಡಿಯಲ್ಲಿ ಬಿಟ್ಟು ಬಂದದ್ದು, ಒಂದೇ ವರ್ಷ ನಾಲ್ಕು ಛತ್ರಿ ಕಳೆದದ್ದು, ಹೇಳಿದ ಮಾತು ಮೂರನೆಯ ಸಲಕ್ಕೆ ಕಿವಿಗೆ ಬೀಳುತ್ತಿದ್ದದ್ದು. ಹೇಳುತ್ತ ಹೇಳುತ್ತ ಸುಮ್ಮನಾದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಬೇಕಂತ ಮಾಡತೀ ಅಂತ ಹೊಡದೆನಲ್ಲವ್ವಾ" ಎಂದಳು. ಆಗ ಯಾರಿಗೆ ಗೊತ್ತಿತ್ತು? ಆದರೂ ಆ ಮಾತು ಕೇಳಿ ನನ್ನ ಎದೆಯ ಮೇಲಿದ್ದ ಒಂದು ಕಲ್ಲು ಇಳಿಯಿತು. ನಾನು ಬೇಕಂತ ಮಾಡುತ್ತಿರಲಿಲ್ಲ.

ಎಡಿಎಚ್‌ಡಿ ಇದೆ ಎಂದು ಖಚಿತವಾಯಿತು. ಈಗ ಪ್ರಶ್ನೆ: ಗುಳಿಗೆ ತೆಗೆದುಕೊಳ್ಳಬೇಕೋ, ಬೇಡವೋ?

ಮನೆಯಲ್ಲಿ ಮೂರು ಅಭಿಪ್ರಾಯ. ಯಜಮಾನರು "ನಿನ್ನ ಇಷ್ಟ" ಎಂದರು. ಅತ್ತೆ, "ನಲವತ್ತು ವರ್ಷ ಗುಳಿಗಿ ಇಲ್ಲದ ನಡದೈತಿ. ಈಗ್ಯಾಕ? ಮಂದಿ ಏನಂದಾರು?" ಎಂದರು. ಮಗ ಮಾತ್ರ, "ಅವ್ವಾ, ನೀನೂ ನನ್ನಂಗ ತಗೋತೀಯೇನು?" ಎಂದು ಆಸೆಯಿಂದ ಕೇಳಿದ.

ನನಗೂ ಹೆದರಿಕೆ ಇತ್ತು. ಚಟವಾದರೆ? ಬದುಕಿಡೀ ಬೇಕಾದರೆ? ನಾನು ನಾನಾಗಿಯೇ ಉಳಿಯದಿದ್ದರೆ? ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯೆಯ ಮುಂದೆ ಓದಿದೆ. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು.

ಮಕ್ಕಳೇ, ಈ ಗುಳಿಗೆ ಕೆಲಸ ಮಾಡುವ ಬಗೆ ಹೀಗೆ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ನಡುವೆ ಸಣ್ಣ ಸಂದು ಇರುತ್ತದೆ. ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಆ ಸಂದು ದಾಟಿ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಕಳಿಸಿದ ಜೀವಕೋಶ ಅವನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮೀಥೈಲ್‌ಫೆನಿಡೇಟ್ ಎಂಬ ಔಷಧ ಹಾಗೆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಆಗ ರಾಸಾಯನಿಕ ತುಸು ಹೆಚ್ಚು ಹೊತ್ತು ಅಲ್ಲೇ ಉಳಿದು ಸುದ್ದಿ ಸರಿಯಾಗಿ ಮುಟ್ಟುತ್ತದೆ. ಸಾಮಾನ್ಯ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ತಾಸು. ನಿಧಾನವಾಗಿ ಕರಗುವ ಬಗೆಯದು ಹೆಚ್ಚು ಹೊತ್ತು ಇರುತ್ತದೆ. ಆಮೇಲೆ ಇಳಿದುಹೋಗುತ್ತದೆ. ಇದು ತೊಂದರೆಯನ್ನು ಬೇರುಸಹಿತ ಕಿತ್ತುಹಾಕುವ ಮದ್ದಲ್ಲ.

ಇದರ ಹಿಂದೆ ಒಂದು ಸ್ವಾರಸ್ಯದ ಕಥೆಯೂ ಇದೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿದ್ದ ಲಿಯಾಂಡ್ರೊ ಪಾನಿಝಾನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಅವರ ಹೆಂಡತಿ ಮಾರ್ಗರೀಟ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದರಂತೆ. ಆಕೆಯ ಮುದ್ದಿನ ಹೆಸರು ರೀಟಾ. ಔಷಧಕ್ಕೆ 'ರಿಟಾಲಿನ್' ಎಂಬ ಹೆಸರು ಬಂದದ್ದು ಹಾಗೆ.

ಕಥೆ ಚೆಂದವೆಂದು ಯಾರೂ ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ನುಂಗಬಾರದು! ಇದು ಬುದ್ಧಿ ಬೆಳೆಸುವ ಗುಳಿಗೆಯಲ್ಲ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಔಷಧವಿದು. ವೈದ್ಯರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗುವಂತಿಲ್ಲ. ಮಗನದು ಮಗನಿಗೆ, ನನ್ನದು ನನಗೆ. ಹಸಿವು ಕಡಿಮೆಯಾಗುವುದು, ನಿದ್ದೆ ಬಾರದಿರುವುದು, ತಲೆನೋವು, ಎದೆಬಡಿತ ಮತ್ತು ರಕ್ತದೊತ್ತಡ ಏರುವುದು ಇದರ ಅಡ್ಡಪರಿಣಾಮಗಳು. ಅದಕ್ಕೆ ಮೊದಲೇ ಬಿ.ಪಿ., ನಾಡಿ, ತೂಕ ನೋಡಿದರು. ಮನೆತನದಲ್ಲಿ ಹೃದಯದ ಕಾಯಿಲೆ ಇದೆಯೇ ಎಂದು ಕೇಳಿದರು. ಆಟೊಮೊಕ್ಸೆಟಿನ್ ಎಂಬ ಬೇರೆ ಜಾತಿಯ ಔಷಧವೂ ಇದೆ. ಅದನ್ನು ದಿನಾಲೂ ತೆಗೆದುಕೊಳ್ಳಬೇಕು, ಗುಣ ಕಾಣಲು ಕೆಲವು ವಾರ ಬೇಕು.

"ಚಟದ ಹೆದರಿಕಿ ಖರೇನ. ಮನಸ್ಸಿಗೆ ಬಂದಂಗ ನುಂಗಿದ್ರ ಅಪಾಯ. ಅದಕ್ಕ ಅಳತಿ ನಾವು ನೋಡತೀವಿ, ನೀವು ಹೆಚ್ಚು ಮಾಡಬ್ಯಾಡ್ರಿ. ಬ್ಯಾಡ ಅನಿಸಿದ್ರ ನನಗ ಹೇಳ್ರಿ, ಕೂಡಿ ವಿಚಾರ ಮಾಡಿ ಬಿಡೂಣು" ಎಂದರು ವೈದ್ಯೆ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಮೂರು ತಿಂಗಳು ಗುಳಿಗೆ ಇಲ್ಲದೆ ನೋಡುತ್ತೇನೆ ಎಂದೆ. ಅವರು ಒಪ್ಪಿದರು. ಒಲೆಯ ಮೇಲೆ ಏನಾದರೂ ಇಟ್ಟರೆ ಕೈಯಲ್ಲಿ ಸೌಟು ಹಿಡಿದೇ ಇರುವುದು, ಫೋನಿನಲ್ಲಿ ಗಂಟೆ ಇಡುವುದು, ಕರಡಿನ ಸಾಲಿನ ಕೆಳಗೆ ಪಟ್ಟಿ ಇಟ್ಟು ಓದುವುದು, ತಾರೀಖು ಮತ್ತು ವಾರವನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವುದು, ಬೆಳಿಗ್ಗೆ ಭೀಷ್ಮ ಕೆರೆಯ ದಂಡೆಯಲ್ಲಿ ನಡೆಯುವುದು. ಇವುಗಳಿಂದ ಲಾಭವಾಯಿತು. ತಪ್ಪು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ಸಂಜೆಗೆ ತಲೆ ಹಿಂಡಿದ ಬಟ್ಟೆಯಂತಾಗಿ, ಮಗ ಪಾಠ ಕೇಳಲು ಬಂದರೆ ಅವನ ಮೇಲೆ ಹರಿಹಾಯುತ್ತಿದ್ದೆ. ಒಂದು ಸಂಜೆ ಅವನು ಪುಸ್ತಕ ಮುಚ್ಚಿ, "ನಾಳೆ ಕೇಳತೀನಿ ಬಿಡವ್ವಾ" ಎಂದು ಮೆಲ್ಲಗೆ ಎದ್ದುಹೋದ. ಅವನ ಬೆನ್ನು ನೋಡುತ್ತ ಗುಣಪತ್ರಿಕೆ ಹಿಡಿದ ಅವ್ವನ ಮುಖ ನೆನಪಾಯಿತು. ಆ ರಾತ್ರಿ ನಿರ್ಧರಿಸಿದೆ.

ಅತ್ತೆಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಹಳೆಯ ಡೈರಿ ತಂದು, "ದಿನಾ ನಾ ಬರಕೋತೀನಿ. ಉಂಡಿಯೋ ಇಲ್ಲೋ, ಮಲಗಿದಿಯೋ ಇಲ್ಲೋ. ಹೆಚ್ಚುಕಡಿಮಿ ಆದ್ರ ಡಾಕ್ಟರಿಗೆ ನಾನ ಹೇಳಾಕಿ" ಎಂದರು. ಬಿ.ಪಿ. ಗುಳಿಗೆ ನುಂಗುತ್ತ ಹನ್ನೆರಡು ವರ್ಷವಾದವರು ಅವರು.

ಮೊದಲ ವಾರ ಡೈರಿಯಲ್ಲಿ "ಒಂದೇ ರೊಟ್ಟಿ", "ಅರ್ಧ ರೊಟ್ಟಿ" ಎಂಬುದೇ ಹೆಚ್ಚು. ಎರಡು ರಾತ್ರಿ ನಿದ್ದೆ ಬರಲಿಲ್ಲ. ವೈದ್ಯೆ ಪ್ರಮಾಣ ಇಳಿಸಿದರು, ನಿಧಾನವಾಗಿ ಏರಿಸಿದರು, ಬೆಳಿಗ್ಗೆ ಉಂಡೇ ತೆಗೆದುಕೊಳ್ಳಲು ಹೇಳಿದರು. ಮೂರನೆಯ ವಾರ ಪ್ರೆಸ್ಸಿನಲ್ಲಿ ಒಂದು ಇಡೀ ಪ್ರಶ್ನೆಪತ್ರಿಕೆಯ ಕರಡನ್ನು ಏಳದೆ ಓದಿ ಮುಗಿಸಿದೆ. ಮುಗಿದ ಮೇಲೆಯೇ ಗೊತ್ತಾದದ್ದು, ಪಕ್ಕದ ಯಂತ್ರ ಅಷ್ಟು ಹೊತ್ತೂ ಓಡುತ್ತಿತ್ತು ಎಂದು. ನಾನು ಬೇರೆ ಯಾರೋ ಆಗಲಿಲ್ಲ. ಛತ್ರಿ ಈಗಲೂ ಕಳೆಯುತ್ತೇನೆ. ಪಟ್ಟಿ, ಫೋನಿನ ಗಂಟೆ, ಕೆರೆಯ ದಂಡೆ ಯಾವುದನ್ನೂ ಬಿಟ್ಟಿಲ್ಲ.

ಎಲ್ಲರೂ ಗುಳಿಗೆ ತೆಗೆದುಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ನನ್ನ ಹಾಗೇ ತೊಂದರೆಯಿರುವ ಇನ್ನೊಬ್ಬಾಕೆ ಬೇಡವೆನ್ನಬಹುದು, ಅದೂ ಸರಿಯೇ. ಆದರೆ ಮಂದಿ ಏನಂದಾರು ಎಂಬ ಭಯಕ್ಕೆ ಬೇಡವೆನ್ನಬಾರದು, ಪೂರಾ ಕೇಳಿ ತಿಳಿದು ಹೇಳಬೇಕು. ಕೇಳಲು ಜಾಗಗಳಿವೆ. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗುವುದೆಂದೇ ತಿಳಿಯದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಣವಿಲ್ಲದೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಮುಂಡರಗಿಯಿಂದ ಅವ್ವ ಈಗ ದಿನಾ ರಾತ್ರಿ ಫೋನು ಮಾಡುತ್ತಾಳೆ. ಗುಳಿಗೆಯ ಮಾತು ಎತ್ತುವುದಿಲ್ಲ. "ಎಷ್ಟು ರೊಟ್ಟಿ ಉಂಡಿ?" ಎಂದಷ್ಟೇ ಕೇಳುತ್ತಾಳೆ. ನಾನು ಉತ್ತರಿಸುವ ಮೊದಲೇ ಅತ್ತೆ ಒಳಗಿನಿಂದ ಡೈರಿ ನೋಡಿ ಕೂಗುತ್ತಾರೆ: "ಎರಡು ಉಂಡಾಳ ಅಂತ ಹೇಳವಾ!"