ಡೀಸೆಲ್ ಲಾರಿಗೆ ಹೊಗೆಯ ಉಷ್ಣತಾ ಮಾಪಕ: ಅಲ್ಪ ವೆಚ್ಚ, ದೊಡ್ಡ ನಷ್ಟಕ್ಕೆ ತಡೆ

ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳನ್ನು ಹಾಯ್ದು ಅಂಕೋಲೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸ್ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಸಿಮೆಂಟು, ಸಕ್ಕರೆ, ಈರುಳ್ಳಿ, ಮೆಕ್ಕೆಜೋಳ ಮುಂತಾದ ಸರಕನ್ನು ಹೇರಿಕೊಂಡು ಹುಬ್ಬಳ್ಳಿಯ ಕಡೆಗೆ ಹೊರಟ ಲಾರಿಗಳು ಹಗಲಿರುಳೆನ್ನದೆ ಈ ಕ್ರಾಸನ್ನು ದಾಟುತ್ತವೆ. ಮುಂದೆ ನರಗುಂದ, ನವಲಗುಂದಗಳವರೆಗೆ ಎರೆಮಣ್ಣಿನ ಬಯಲು. ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿದ ಮೇಲೆ ಅರಬೈಲ್ ಘಟ್ಟ. ಬಯಲಿನಲ್ಲಿ ಸುಖವಾಗಿ ಓಡಿದ ಎಂಜಿನ್, ಕರಾವಳಿಯಿಂದ ತುಂಬಿದ ಹೊರೆಯೊಡನೆ ಘಟ್ಟವನ್ನು ಏರಿ ಬರುವಾಗ ಪಿಸ್ಟನ್ ಸುಟ್ಟು ನಿಂತುಬಿಟ್ಟರೆ ಆ ನಷ್ಟವನ್ನು ಭರಿಸುವವರು ಯಾರು?

ನಷ್ಟದ ಹೊಣೆ

ಈ ಪ್ರಶ್ನೆಯನ್ನು ಲಾರಿ ಮಾಲೀಕರು ಸಾಮಾನ್ಯವಾಗಿ ಎಂಜಿನ್ ಬಿಚ್ಚಿದ ನಂತರವೇ ಕೇಳಿಕೊಳ್ಳುತ್ತಾರೆ. ಮೊದಲನೆಯದಾಗಿ, ವಾಹನ ವಿಮೆಯ ಸಾಮಾನ್ಯ ಪಾಲಿಸಿಯು ಅಪಘಾತದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ಸವಕಳಿಯನ್ನಾಗಲಿ, ಯಾಂತ್ರಿಕ ಕೆಡುಕನ್ನಾಗಲಿ ತುಂಬಿಕೊಡುವುದಿಲ್ಲ. ಎರಡನೆಯದಾಗಿ, ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳನ್ನು ಹೊಂದಿರದ ಅನೇಕರು, 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನ ಮೂಲಕ ಪರಿಚಿತವಾದ ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಂಡಿರುತ್ತಾರೆ. ಇದರಲ್ಲಿ 12 ಟನ್ನಿಗಿಂತ ಅಧಿಕ ಒಟ್ಟು ತೂಕದ ವಾಹನಕ್ಕೆ ತಿಂಗಳೊಂದಕ್ಕೆ ಪ್ರತಿ ಟನ್ನಿಗೆ 1,000 ರೂಪಾಯಿ ಆದಾಯವೆಂದು ಹಿಡಿಯಲಾಗುತ್ತದೆ. ಅಂದರೆ 25 ಟನ್ನಿನ ಲಾರಿಗೆ ತಿಂಗಳಿಗೆ 25,000 ರೂಪಾಯಿ. ಲಾರಿ ಓಡಿದರೂ, ಗ್ಯಾರೇಜಿನಲ್ಲಿ ನಿಂತರೂ ಲೆಕ್ಕ ಅದೇ. ಎಂಜಿನ್ ದುರಸ್ತಿಯ ಖರ್ಚನ್ನು ಬೇರೆಯಾಗಿ ಕಳೆಯಲು ಅವಕಾಶವಿಲ್ಲ. ಮೂರನೆಯದಾಗಿ, ಸಾಲದ ಕಂತು ಯಾರಿಗಾಗಿಯೂ ಕಾಯುವುದಿಲ್ಲ. ಆದುದರಿಂದ ಸುಟ್ಟ ಪಿಸ್ಟನ್ನಿನ ಪೂರ್ಣ ಭಾರ ಮಾಲೀಕನ ಜೇಬಿನ ಮೇಲೆಯೇ ಬೀಳುತ್ತದೆ. ಇಂತಹ ನಷ್ಟವನ್ನು ಮುಂಚಿತವಾಗಿ ತಿಳಿಸಬಲ್ಲ ಸಾಧನವೇ ಹೊಗೆಯ ಉಷ್ಣತಾ ಮಾಪಕ. ಗ್ಯಾರೇಜುಗಳಲ್ಲಿ ಇದಕ್ಕೆ ಪೈರೋಮೀಟರ್ ಅಥವಾ ಇಜಿಟಿ ಮೀಟರ್ ಎನ್ನುತ್ತಾರೆ.

ನೀರಿನ ಮೀಟರು ಏಕೆ ಸಾಲದು?

ಡ್ಯಾಶ್‌ಬೋರ್ಡಿನಲ್ಲಿ ಈಗಾಗಲೇ ಇರುವ ಮೀಟರು ರೇಡಿಯೇಟರ್ ನೀರಿನ ಬಿಸಿಯನ್ನು ತೋರಿಸುತ್ತದೆ. ನೀರು ಕಾಯಲು ಸಮಯ ಬೇಕು. ಆದರೆ ಸಿಲಿಂಡರಿನಿಂದ ಹೊರಬೀಳುವ ಹೊಗೆಯ ಶಾಖವು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೆಲವೇ ಕ್ಷಣಗಳಲ್ಲಿ ನೂರಾರು ಡಿಗ್ರಿ ಏರಬಲ್ಲದು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೂ ಬಿಸಿ ಹೆಚ್ಚಬಹುದು. ಡೀಸೆಲ್ ಎಂಜಿನ್ನಿನಲ್ಲಿ ಮಾತ್ರ, ಒಳಬರುವ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ, ಟರ್ಬೊ ಪೈಪಿನಲ್ಲಿ ಗಾಳಿ ಸೋರಿದರೆ, ನಾಜಲ್ ಕೆಟ್ಟರೆ, ಪಂಪಿನ ಟೈಮಿಂಗ್ ತಪ್ಪಿದರೆ ಅಥವಾ ಹೊರೆ ಮಿತಿಮೀರಿದರೆ ಫಲಿತಾಂಶ ಒಂದೇ. ಎರೆಮಣ್ಣಿನ ಧೂಳು, ಸಿಮೆಂಟಿನ ಪುಡಿ ಮತ್ತು ಬೇಸಿಗೆಯ ಬಿಸಿಗಾಳಿ ಇರುವ ಈ ಭಾಗದಲ್ಲಿ ಇದು ಅಪರೂಪದ ಸಂಗತಿಯಲ್ಲ.

ಟರ್ಬೊ ಮುಂಚೆ ಅಳೆದಾಗ ಸುಮಾರು 700 ಡಿಗ್ರಿ ಸೆಲ್ಸಿಯಸ್ ದೀರ್ಘಕಾಲ ದಾಟಬಾರದೆಂಬುದು ಸಾಮಾನ್ಯವಾಗಿ ಅನುಸರಿಸುವ ಮಿತಿ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಈ ಮಿತಿಯನ್ನು ಮೀರಿ ಬಹುಹೊತ್ತು ಓಡಿಸಿದರೆ ಅಲ್ಯೂಮಿನಿಯಂ ಪಿಸ್ಟನ್, ಎಕ್ಸಾಸ್ಟ್ ವಾಲ್ವ್ ಹಾಗೂ ಟರ್ಬೊ ಚಕ್ರಗಳಿಗೆ ಅಪಾಯ ತಪ್ಪಿದ್ದಲ್ಲ.

ಅಳವಡಿಸುವ ಕ್ರಮ

ಈ ಸಾಧನದ ತತ್ವ ಹಳೆಯದು. ಎರಡು ಬೇರೆ ಬೇರೆ ಲೋಹಗಳ ಕೂಡಿಕೆಯನ್ನು ಬಿಸಿ ಮಾಡಿದರೆ ವಿದ್ಯುತ್ ಪರಿಣಾಮ ಉಂಟಾಗುತ್ತದೆಂಬುದನ್ನು ಜರ್ಮನಿಯ ಥಾಮಸ್ ಯೋಹಾನ್ ಸೀಬೆಕ್ 1821ರಲ್ಲಿ ಗುರುತಿಸಿದನು. ಇಂದಿನ ಮಾಪಕಗಳಲ್ಲಿ ಬಹುವಾಗಿ ಬಳಕೆಯಾಗುವ ‘ಕೆ’ ಮಾದರಿಯ ಥರ್ಮೋಕಪಲ್ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ಸೆನ್ಸರನ್ನು ಕೂಡಿಸುವ ಸ್ಥಳ ಮುಖ್ಯವಾದುದು. ಎಲ್ಲ ಸಿಲಿಂಡರುಗಳ ಹೊಗೆ ಸೇರುವ ಕಡೆ, ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ರಂಧ್ರ ಕೊರೆಯುವುದು ಉತ್ತಮ. ಟರ್ಬೊ ನಂತರ ಕೂಡಿಸಿದರೆ, ಹೊರೆಯಿರುವಾಗ ಅಂಕಿ ನೂರು ಡಿಗ್ರಿಗೂ ಮಿಕ್ಕು ಕಡಿಮೆ ಕಾಣುವುದರಿಂದ ಚಾಲಕನಿಗೆ ತಪ್ಪು ಧೈರ್ಯ ಬರುತ್ತದೆ. ಮ್ಯಾನಿಫೋಲ್ಡನ್ನು ಬಿಚ್ಚಿ, ಲೇತ್ ಅಂಗಡಿಯಲ್ಲಿ ಕೊರೆಯಿಸಿ ಟ್ಯಾಪ್ ಹೊಡೆಸುವುದು ಸುರಕ್ಷಿತ ಕ್ರಮ. ಸಾಮಾನ್ಯವಾಗಿ 1/8 ಇಂಚಿನ ಎನ್‌ಪಿಟಿ ಥ್ರೆಡ್ ಬೇಕಾಗುತ್ತದೆ. ಬಿಚ್ಚದೆ ಕೊರೆದರೆ ಒಳಗೆ ಬಿದ್ದ ಬೀಡಿನ ಒಂದು ಚೂರು, ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗುವ ಟರ್ಬೊ ಚಕ್ರವನ್ನು ಹಾಳುಮಾಡಲು ಸಾಕು. ಕೂಲಿ ಉಳಿಸಲು ಹೋಗಿ ಟರ್ಬೊ ಕಳೆದುಕೊಳ್ಳುವುದು ವ್ಯವಹಾರವಲ್ಲ.

ಸೆನ್ಸರಿನ ತುದಿ ಹೊಗೆಯ ಹರಿವಿನ ನಡುವೆ ಇರಬೇಕು, ಗೋಡೆಗೆ ತಾಗಬಾರದು. ಅದರ ತಂತಿಯನ್ನು ಸಾಧಾರಣ ತಾಮ್ರದ ತಂತಿಯಿಂದ ಉದ್ದ ಮಾಡಿದರೆ ಅಂಕಿ ತಪ್ಪುತ್ತದೆ; ಅದೇ ‘ಕೆ’ ಮಾದರಿಯ ತಂತಿಯನ್ನೇ, ಧನ-ಋಣ ತುದಿಗಳು ಅದಲುಬದಲಾಗದಂತೆ ಜೋಡಿಸಬೇಕು. ಭಾರಿ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. ಕಾರಿಗೆಂದು ಮಾಡಿದ 12 ವೋಲ್ಟಿನ ಮಾಪಕವನ್ನು ನೇರವಾಗಿ ಕೂಡಿಸಿದರೆ ಅದು ಸುಟ್ಟುಹೋಗಬಹುದು. ಫ್ಯೂಸನ್ನು ಮರೆಯಬಾರದು. ಮಾಪಕವು ಚಾಲಕನ ದೃಷ್ಟಿಗೆ ನೇರವಾಗಿ ಇರಬೇಕು. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ತಣಿದ ಮೇಲೆ ಸೆನ್ಸರನ್ನು ಮತ್ತೊಮ್ಮೆ ಬಿಗಿಮಾಡಿ, ಹೊಗೆ ಸೋರುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

1-4-2020ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳ ಹೊಗೆ ಶುದ್ಧೀಕರಣ ವ್ಯವಸ್ಥೆಯಲ್ಲಿ ಕಂಪನಿಯೇ ಇಂತಹ ಸೆನ್ಸರುಗಳನ್ನು ಅಳವಡಿಸಿರುತ್ತದೆ. ಅವುಗಳಿಗೆ ಹೊರಗಿನಿಂದ ರಂಧ್ರ ಕೊರೆಯುವುದು ಸಲ್ಲದು; ವಾರಂಟಿಗೂ ಧಕ್ಕೆ ಬರಬಹುದು. ಈ ಲೇಖನದ ಸಲಹೆ ಅದಕ್ಕಿಂತ ಹಳೆಯ ಲಾರಿಗಳಿಗೆ ಅನ್ವಯಿಸುತ್ತದೆ.

ಚಾಲಕ ಮತ್ತು ಮಾಲೀಕ

ಏರಿನಲ್ಲಿ ಮುಳ್ಳು 650ರ ಮೇಲೆ ಸರಿಯತೊಡಗಿದರೆ ಗೇರು ಇಳಿಸಿ ಆಕ್ಸಿಲರೇಟರನ್ನು ಸಡಿಲಿಸಬೇಕು. ಘಟ್ಟ ಏರಿ ನಿಂತ ತಕ್ಷಣ ಎಂಜಿನ್ ಆರಿಸದೆ, ಮುಳ್ಳು 200 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಐಡ್ಲಿಂಗಿನಲ್ಲಿ ಬಿಡಬೇಕು. ಇಲ್ಲವಾದರೆ ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿಕಟ್ಟುತ್ತದೆ.

ಆದರೆ ಗೇರು ಇಳಿಸಿದ ಚಾಲಕ ತಡವಾಗಿ ತಲುಪುತ್ತಾನೆ. ತಡವಾದುದಕ್ಕೆ ಅವನ ಭತ್ಯೆಯನ್ನು ಮುರಿದುಕೊಳ್ಳುವ ಮಾಲೀಕನ ಲಾರಿಯಲ್ಲಿ ಎಷ್ಟೇ ಬೆಲೆಯ ಮಾಪಕವಿದ್ದರೂ ಅದು ಅಲಂಕಾರದ ವಸ್ತುವೇ ಸರಿ. ಹಾಗೆಯೇ ಮಿತಿಮೀರಿ ಹೊರೆ ಹೇರಿಸಿ, ಮುಳ್ಳು ಏರಿತೆಂದು ಚಾಲಕನನ್ನು ದೂರುವುದೂ ನ್ಯಾಯವಲ್ಲ.

ಒಂದೇ ರಸ್ತೆ, ಒಂದೇ ಹೊರೆ, ಒಂದೇ ಗೇರಿನಲ್ಲಿ ಕಂಡ ಅಂಕಿಯನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ಹಿಂದಿನ ತಿಂಗಳಿಗಿಂತ 50 ಡಿಗ್ರಿ ಹೆಚ್ಚು ಕಂಡರೆ ಮೊದಲು ಏರ್ ಫಿಲ್ಟರ್, ಬಳಿಕ ಟರ್ಬೊ ಪೈಪು, ಅನಂತರ ನಾಜಲ್ ಎಂಬ ಕ್ರಮದಲ್ಲಿ ಪರೀಕ್ಷಿಸಬಹುದು.

ಲೆಕ್ಕದ ದೃಷ್ಟಿಯಿಂದ

ಉದಾಹರಣೆಗೆ ಹಿಡಿದ ಅಂಕಿಗಳಿವು. ಪ್ರತಿಯೊಬ್ಬರೂ ತಮ್ಮ ಊರಿನ ದರವನ್ನು ಹಾಕಿಕೊಳ್ಳಬಹುದು. ಮಾಪಕ ಹಾಗೂ ಕೂಲಿ ಸೇರಿ 10,000 ರೂಪಾಯಿ ಮತ್ತು ಅದರ ಆಯುಷ್ಯ ಐದು ವರ್ಷವೆಂದರೆ ತಿಂಗಳಿಗೆ ಸುಮಾರು 167 ರೂಪಾಯಿ ಬೀಳುತ್ತದೆ. ಎಂಜಿನ್ ಕೆಲಸಕ್ಕೆ 1,50,000 ರೂಪಾಯಿ, ಲಾರಿ ನಿಂತ 20 ದಿನಗಳ ಕಂತು, ಸಂಬಳ, ತೆರಿಗೆಗಳು ದಿನಕ್ಕೆ 2,000ದಂತೆ 40,000 ರೂಪಾಯಿ ಎಂದು ಹಿಡಿದರೆ ಒಟ್ಟು ನಷ್ಟ 1,90,000 ರೂಪಾಯಿ. ಹತ್ತು ಲಾರಿಗಳಿಗೆ ಮಾಪಕ ಹಾಕಿಸಿದವನಿಗೆ ಐದು ವರ್ಷಗಳಲ್ಲಿ ಒಂದೇ ಒಂದು ಎಂಜಿನ್ ಉಳಿದರೂ ಹಾಕಿದ ಹಣ ಬಂದು 90,000 ರೂಪಾಯಿ ಮಿಗುತ್ತದೆ.

ಗಲ್ಲೆಯ ಹಣವನ್ನು ದಿನವೂ ಸಂಜೆ ಎಣಿಸುವ ವ್ಯಾಪಾರಿ, ಲಕ್ಷಾಂತರ ರೂಪಾಯಿಯ ಎಂಜಿನ್ನಿನ ಸ್ಥಿತಿಯನ್ನು ಮಾತ್ರ ಅದು ಕೆಟ್ಟ ದಿನವೇ ತಿಳಿದುಕೊಳ್ಳುವುದು ಸರಿಯಾದ ಲೆಕ್ಕವಲ್ಲ. ಮುಂದಿನ ಸುಗ್ಗಿಯ ಬಾಡಿಗೆ ಆರಂಭವಾಗುವ ಮೊದಲು, ಲಾರಿ ಸರ್ವಿಸಿಗೆ ನಿಂತಾಗಲೇ ಈ ಕೆಲಸವನ್ನು ಮಾಡಿಸಿಕೊಳ್ಳುವುದು ಹಿತಕರ.