ರೈತರ ಪಟ್ಟಿಯನ್ನು ಸಂಪರ್ಕ ದಫ್ತರಕ್ಕೆ ಸೇರಿಸುವ ಕ್ರಮ

ಹಾಸನದ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿಯ ಭಯವು ಹೊಸದಲ್ಲ. ಮೋಡ ಕವಿದು ಜಡಿಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಕಪ್ಪಾಗುವುದುಂಟು. ರೋಗವು ಹರಡುವ ಮೊದಲೇ ಔಷಧ ಸಿಂಪಡಿಸಬೇಕೆಂಬ ಸೂಚನೆಯು ಮೊಸಳೆಯಂತಹ ಗ್ರಾಮದ ಪ್ರತಿಯೊಬ್ಬ ಬೆಳೆಗಾರರ ಮೊಬೈಲಿಗೂ ಮುಟ್ಟಬೇಕಾದರೆ, ಹೆಸರು ನಂಬರುಗಳ ಸಂಪರ್ಕ ದಫ್ತರವು ಶುದ್ಧವಾಗಿರಬೇಕು.

ಎಕ್ಸೆಲ್ ಕೋಷ್ಟಕದಲ್ಲಿರುವ ಪಟ್ಟಿಯನ್ನು ಕಂಪ್ಯೂಟರಿನ ದಫ್ತರಕ್ಕೆ ಒಮ್ಮೆಗೇ ತುಂಬಬಹುದು. ಆದರೆ ಯಂತ್ರವು ತಪ್ಪು ಒಪ್ಪುಗಳನ್ನು ವಿವೇಚಿಸದು. ಆದಕಾರಣ ಹೆಸರು, ಗ್ರಾಮ, ಸರ್ವೆ ನಂಬರು, ಮೊಬೈಲ್ ಇವುಗಳಿಗೆ ಬೇರೆ ಬೇರೆ ಅಂಕಣಗಳಿರತಕ್ಕದ್ದು. ಒಂದು ಚೌಕದಲ್ಲಿ ಎರಡು ನಂಬರುಗಳನ್ನು ಬರೆಯಕೂಡದು. ಸಂಖ್ಯೆಗಳ ಅಂಕಣಗಳನ್ನು ಮೊದಲೇ ‘ಪಠ್ಯ’ವೆಂದು ಗೊತ್ತುಮಾಡಬೇಕು, ಇಲ್ಲವಾದರೆ 12/3 ಎಂಬ ಸರ್ವೆ ನಂಬರನ್ನು ಯಂತ್ರವು ತಾರೀಖೆಂದು ತಿಳಿದು ಬದಲಾಯಿಸುವುದು. ಪಟ್ಟಿಯನ್ನು ಯುಟಿಎಫ್-8 ಕ್ರಮದ ಸಿಎಸ್‌ವಿ ಕಡತವಾಗಿ ಉಳಿಸಬೇಕು. ತಪ್ಪಿದಲ್ಲಿ ಕನ್ನಡದ ಅಕ್ಷರಗಳು ಕೆಟ್ಟುಹೋಗುವುವು. ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದರಿಂದ, ಫ್ರೂಟ್ಸ್ ನೋಂದಣಿಯ ಎಫ್‌ಐಡಿ ಸಂಖ್ಯೆಯನ್ನೇ ಗುರುತಾಗಿ ಹಿಡಿಯುವುದು ಲೇಸು.

ಇಷ್ಟು ಮಾಡಿದರೂ ಯಂತ್ರಕ್ಕೆ ತಿಳಿಯದ ಸಂಗತಿಯೊಂದುಂಟು. ಪಹಣಿಯಲ್ಲಿ ಕಾಲವಾದ ತಂದೆಯ ಹೆಸರಿರಬಹುದು. ಮಾಲೀಕರು ಪಟ್ಟಣದಲ್ಲಿದ್ದು, ಜಮೀನನ್ನು ಕೋರಿಗೋ ಗುತ್ತಿಗೆಗೋ ಕೊಟ್ಟಿರಬಹುದು. ಆಗ ಸೂಚನೆಯು ಪಟ್ಟಣವನ್ನು ಸೇರುವುದೇ ಹೊರತು ಹೊಲವನ್ನು ಸೇರದು. ಆದ್ದರಿಂದ ಭೂಮಾಲೀಕರು ಉಳುವವರ ಒಪ್ಪಿಗೆ ಪಡೆದು ಅವರ ನಂಬರನ್ನು ಪ್ರತ್ಯೇಕ ಅಂಕಣದಲ್ಲಿ ಬರೆಸಬೇಕು. ಗ್ರಾಮದ ಮುಖಂಡರು ಪಟ್ಟಿಯನ್ನು ಹತ್ತು ಜನರೆದುರು ಓದಿಸಿ ತಿದ್ದಿಸಬೇಕು. ಬಳಿಕ ಐದು ಹೆಸರುಗಳನ್ನು ಮಾತ್ರ ತುಂಬಿ ಪರೀಕ್ಷಿಸಿ, ಸರಿಯಾಗಿ ಬಂದರೆ ಉಳಿದವನ್ನು ಸೇರಿಸತಕ್ಕದ್ದು. ಪಟ್ಟಿಯಲ್ಲಿ ಬಿಟ್ಟುಹೋದ ಒಂದು ನಂಬರು ಒಂದು ಸಂಸಾರದ ಫಸಲೆಂಬುದನ್ನು ಮರೆಯಲಾಗದು.